ಪೊಟರೆಯಲ್ಲಿ ಇಲ್ಲದ ಔಷಧಿ

ಕಾರ್ಮೆನ್ ಬುಸುಟಿಲ್ ಆಗಸ್ಟ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಮೆಲ್ಬರ್ನಿನ ಪಶ್ಚಿಮಕ್ಕಿರುವ ಆರೈಕೆಮನೆಯೊಂದರಲ್ಲಿ ತೀರಿಕೊಂಡಳು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಐವತ್ತೆಂಟು ವರ್ಷ ವಯಸ್ಸು. ಮದುವೆಯಾಗಿರಲಿಲ್ಲ. ಹಿಂದೆ ಉಳಿದವನು ಅಣ್ಣ ಚೆನ್ಸು. ಗೆಳತಿ ಅಂತ ಹೇಳುವುದಾದರೆ ನೋಲೀನ್ ಟ್ರೆಲೋರ್.

ಮುಂದಿನ ವಾರ, ಅವಳು ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಯವರು ಒಂದು ನೆನಪಿನ ಸಭೆ ಮಾಡಿದರು. ನೋಲೀನ್ ಹೋದಳು. ಹೋಗದೆ ಇರುವ ಹಾಗಿರಲಿಲ್ಲ, ಹತ್ತೊಂಬತ್ತು ವರ್ಷ ಅವರಿಬ್ಬರ ಕೋಣೆಗಳ ಮಧ್ಯೆ ಇದ್ದದ್ದು ಒಂದೇ ಗೋಡೆ. ಸಭಾಂಗಣದ ತುಂಬ ಬಿಸಿ ಸಾಸೇಜ್ ರೋಲುಗಳ ಜಿಡ್ಡಿನ ವಾಸನೆ. ಪ್ರಯೋಗಾಲಯದ ಮುಖ್ಯಸ್ಥ ಗ್ರೇಮ್ ಪೆಂಡಲ್ಬರಿ ಎಂದೂ ಇಲ್ಲದ ಟೈ ಕಟ್ಟಿಕೊಂಡು ಬಂದಿದ್ದ. ಅವನು ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದಾಗ ಹಿಂದಿನ ಪರದೆಯ ಮೇಲೆ ಒಂದು ಚಿತ್ರ ಬಂತು: ನೀಲಿ ಬಣ್ಣದ ಗಂಟುಗಂಟಾದ ಪ್ರೋಟೀನು, ಅದರ ನಡುವೆ ಒಂದು ಪೊಟರೆ, ಪೊಟರೆಯೊಳಗೆ ಹಳದಿ ಬಣ್ಣದಲ್ಲಿ ಚಾಚಿಕೊಂಡು ಕೂತ ಒಂದು ಅಣು.

"ಕಾರ್ಮೆನ್ ನಮಗೆ ಬಿಟ್ಟುಹೋದ ಕಾಣಿಕೆ ಇದು," ಅಂದ ಗ್ರೇಮ್.

ನೋಲೀನ್ ಎದ್ದು, ಸಾಲಿನಲ್ಲಿ ಕೂತವರ ಮೊಣಕಾಲು ತಾಗಿಸಿಕೊಂಡೇ ಹೊರಗೆ ಬಂದಳು. ಕಸದ ಡಬ್ಬಿಗಳನ್ನಿಡುವ ಜಾಗದಲ್ಲಿ ಗೋಡೆಗೊರಗಿ ನಿಂತಳು. ಒಳಗಿನ ವಾಸನೆಗಿಂತ ಆ ಡಬ್ಬಿಗಳ ವಾಸನೆಯೇ ವಾಸಿ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಚೆನ್ಸುವೂ ಬಂದ. ಅರವತ್ತು ದಾಟಿದ ಆಳು, ಜೀವಮಾನವೆಲ್ಲ ಇಟ್ಟಿಗೆ ಕಟ್ಟಿದವನು. ಊದಿದ ಬೆರಳುಗಳಲ್ಲಿ ಕೋಟಿನ ಗುಂಡಿ ಬಿಚ್ಚಲಾಗದೆ ಒದ್ದಾಡುತ್ತಿದ್ದ.

"ನೋಲೀನ್, ಆ ಚಿತ್ರ... ಅದೇ ಅಲ್ವಾ? ಅವಳು ಕಿತ್ತುಹಾಕಿದ್ದು?"

"ಅದೇ."

"ಗೊತ್ತಿಲ್ದೆ ಹಾಕ್ಬಿಟ್ರಾ?"

"ಗೊತ್ತಿದ್ದೇ ಹಾಕಿದಾರೆ ಚೆನ್ಸು. ಎಲ್ಲರಿಗೂ ಗೊತ್ತು."

ಚೆನ್ಸು ಡಬ್ಬಿಯ ಪಕ್ಕಕ್ಕೆ ಉಗುಳಿದ. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು, ತಾನೇನೋ ತಪ್ಪು ಮಾಡಿದವನ ಹಾಗೆ ಬಾಯಿ ಒರೆಸಿಕೊಂಡ.

ಕಾರ್ಮೆನ್ ಹುಟ್ಟಿದ್ದು, ಬೆಳೆದದ್ದು ಮೆಲ್ಬರ್ನಿನ ಸನ್‌ಶೈನ್ ಬಡಾವಣೆಯಲ್ಲಿ. ಅಪ್ಪ ಅಮ್ಮ ಮಾಲ್ಟಾದಿಂದ ಹಡಗು ಹತ್ತಿ ಬಂದವರು. ಅಪ್ಪನ ಕಸುಬು ಮಗನಿಗೆ ಬಂತು. ಅಮ್ಮ ಮದುವೆಗಳಿಗೆ ಕೇಕು ಮಾಡಿಕೊಡುತ್ತಿದ್ದಳು. ಮಗಳು ಸ್ಟೂಲಿನ ಮೇಲೆ ಕೂತು ಸಕ್ಕರೆ ಹೂವಿನ ಎಸಳು ತಟ್ಟುತ್ತಿದ್ದಳು. ಹರಳು ಬೆಳೆಸುವ ಕೆಲಸ ನಿನಗೆ ಹೇಗೆ ಒಲಿಯಿತು ಅಂತ ಯಾರಾದರೂ ಕೇಳಿದರೆ, "ಸಕ್ಕರೆ ಒಣಗೋದನ್ನ ನೋಡ್ತಾ ಕೂತು ಅಭ್ಯಾಸ ಇತ್ತು, ಇನ್ನೇನಿಲ್ಲ," ಅನ್ನುತ್ತಿದ್ದಳು.

ಅವಳು ಬೆಳೆಸುತ್ತಿದ್ದದ್ದು ವೈರಸ್ಸಿನ ಪ್ರೋಟೀನಿನ ಹರಳುಗಳನ್ನು. ರಾಸ್ ರಿವರ್ ಜ್ವರದ ವೈರಸ್. ಸೊಳ್ಳೆಯಿಂದ ಬರುವ ಈ ಜ್ವರ ಕೊಲ್ಲುವುದಿಲ್ಲ, ಕೀಲುಗಳನ್ನು ಹಿಡಿದು ಹಿಂಡುತ್ತದೆ. ಔಷಧಿ ಇಲ್ಲ. ಈ ವೈರಸ್ಸು ತನ್ನ ಪ್ರೋಟೀನುಗಳನ್ನು ಒಂದೇ ಉದ್ದ ದಾರವಾಗಿ ಮಾಡಿಕೊಂಡು, ಆಮೇಲೆ ಒಂದು ಕಿಣ್ವದಿಂದ ಕತ್ತರಿಸಿಕೊಳ್ಳುತ್ತದೆ. ಆ ಕತ್ತರಿಯಂಥ ಕಿಣ್ವದಲ್ಲಿ ಒಂದು ಪೊಟರೆ ಇದೆ. ಅದರೊಳಗೆ ಸರಿಯಾಗಿ ಕೂರುವ ಬಿರಡೆ ಸಿಕ್ಕರೆ ಕತ್ತರಿ ನಿಲ್ಲುತ್ತದೆ, ವೈರಸ್ಸೂ ನಿಲ್ಲುತ್ತದೆ. ಬಿರಡೆ ಮಾಡಬೇಕಾದರೆ ಪೊಟರೆಯ ಆಕಾರ ಗೊತ್ತಾಗಬೇಕು. ಅದಕ್ಕೆ ಹರಳು. ಹರಳಿನ ಮೇಲೆ ಕ್ಷ-ಕಿರಣ ಬಿಟ್ಟರೆ ಕೊನೆಗೆ ಕಂಪ್ಯೂಟರಿನ ಪರದೆಯ ಮೇಲೆ ನೀಲಿ ತಂತಿಬಲೆಯಂಥ ಒಂದು ಮೋಡ ಸಿಗುತ್ತದೆ. ಆ ಬಲೆಯೊಳಗೆ ಪರಮಾಣುಗಳನ್ನು ಒಂದೊಂದಾಗಿ ಕೂರಿಸುವುದು ಕಾರ್ಮೆನ್‌ಳ ಕೆಲಸ. ಅವಳು ಕೂರಿಸಿಕೊಟ್ಟ ಆಕಾರಕ್ಕೆ, ಇನ್ನೂ ಯಾರೂ ತಯಾರಿಸದ ಅಣುಗಳನ್ನು ಕಂಪ್ಯೂಟರಿನಲ್ಲಿ ರಾಶಿಗಟ್ಟಲೆ ಹೊಂದಿಸಿ ನೋಡಿ, ಇದು ಕೂರುತ್ತದೆ, ಇದು ಕೂರುವುದಿಲ್ಲ ಅಂತ ಆರಿಸುವುದು ನೋಲೀನಳ ಕೆಲಸ.

ಆ ಕಿಣ್ವ ಕೆಡದ ಹಾಗೆ ಇಡಲು ಬೆರೆಸುತ್ತಿದ್ದ ದ್ರಾವಣಕ್ಕೆ ಕೊಳೆತ ಮೊಟ್ಟೆಯ ನಾತ. ಕಾರ್ಮೆನ್‌ಳ ಕೂದಲಿಗೂ ಅದೇ ಅಂಟಿರುತ್ತಿತ್ತು. "ರೈಲಲ್ಲಿ ನಂಗೆ ಯಾವತ್ತೂ ಸೀಟು ಸಿಗುತ್ತೆ ಕಣೇ," ಅನ್ನುವಳು. "ಫುಟ್ಸ್‌ಕ್ರೇ ಬರೋ ಹೊತ್ತಿಗೆ ಇಡೀ ಬೆಂಚು ನಂದೇ."

ಹದಿನೇಳು ಅಂತ ಒಂದು ಅಣು ಇತ್ತು, ರಸಾಯನ ವಿಭಾಗದವರು ಮಾಡಿದ ಹದಿನೇಳನೆಯದು: ಒಂದು ತುದಿಗೆ ಸಣ್ಣ ಹಿಡಿಕೆ, ಅದಕ್ಕೆ ಉದ್ದನೆಯ ಬಾಲ. ಪರೀಕ್ಷಾ ನಳಿಕೆಯಲ್ಲಿ ಕಿಣ್ವವನ್ನು ತುಸು ನಿಧಾನ ಮಾಡುತ್ತಿತ್ತು. ಕಾರ್ಮೆನ್ ಹರಳನ್ನು ಹದಿನೇಳರಲ್ಲಿ ನೆನೆಸಿಟ್ಟಳು. ಆಮೇಲೆ ವಾಡಿಕೆಯಂತೆ ಗ್ಲಿಸರಿನ್ನಿನಲ್ಲಿ ಅದ್ದಿ ಹೆಪ್ಪುಗಟ್ಟಿಸಿದಳು. ಹಾಗೆ ಅದ್ದದಿದ್ದರೆ ಒಳಗಿನ ನೀರು ಮಂಜುಗಡ್ಡೆಯಾಗಿ ಹರಳು ಒಡೆದುಹೋಗುತ್ತದೆ. ಕ್ಲೇಟನ್ನಿನ ಕ್ಷ-ಕಿರಣ ಕೇಂದ್ರದಿಂದ ಮಾಹಿತಿ ಬಂತು. ಪರದೆಯ ಮೇಲೆ ನೋಡಿದರೆ ಪೊಟರೆಯೊಳಗೆ ಒಂದು ಸಣ್ಣ ಉಬ್ಬು ಇತ್ತು.

ಆ ದಿನ ಗ್ರೇಮ್ ಅವಳ ಕುರ್ಚಿಯ ಹಿಂದೆ ನಿಂತಿದ್ದ. ನೋಲೀನ್ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದಳು. ಈ ತಂತಿಬಲೆಯನ್ನು ಎಷ್ಟು ಗಾಢವಾಗಿ, ಎಷ್ಟು ತೆಳುವಾಗಿ ತೋರಿಸಬೇಕು ಅನ್ನುವುದು ನೋಡುವವರ ಕೈಯಲ್ಲಿರುತ್ತದೆ. ಮೌಸಿನ ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಖಚಿತವಾಗಿ ಇರುವುದು ಮಾತ್ರ ಉಳಿಯುತ್ತದೆ. ಹಿಂದಕ್ಕೆ ತಿರುಗಿಸುತ್ತ ಹೋದರೆ ಬಲೆ ಹಿಟ್ಟಿನ ಹಾಗೆ ಉಬ್ಬುತ್ತದೆ, ಬೇಕಾದದ್ದು ಕಾಣತೊಡಗುತ್ತದೆ.

"ಇನ್ನೊಂಚೂರು ಹಿಂದಕ್ಕೆ ತಿರುಗಿಸು," ಅಂದ ಗ್ರೇಮ್.

ತಿರುಗಿಸಿದಳು.

"ಇನ್ನೊಂಚೂರು. ಅಗೋ! ಬಾಲ ಕಾಣ್ತಾ ಇದೆ ನೋಡು."

"ಗ್ರೇಮ್, ಈ ಮಟ್ಟದಲ್ಲಿ ನಿನ್ನ ಅಜ್ಜೀನೂ ಕಾಣ್ತಾಳೆ."

"ಬಾಲ ಬಳುಕ್ತಾ ಇರುತ್ತೆ ಕಾರ್ಮೆನ್, ಅದಕ್ಕೇ ಮಸುಕು. ಹಿಡಿಕೆ ಗಟ್ಟಿಯಾಗಿ ಕೂತಿದೆಯಲ್ಲ, ಅಷ್ಟು ಸಾಕು."

ಬಳುಕುತ್ತಿದೆ. ಈ ಕಸುಬಿನಲ್ಲಿ ಕಾಣದೆ ಇರುವುದಕ್ಕೆಲ್ಲ ಇದೇ ಹೆಸರು. ಹಾಗೆ ಬಳುಕುವ ಅಣುಗಳು ನಿಜವಾಗಿಯೂ ಇರುತ್ತವೆ, ಆದ್ದರಿಂದ ಯಾರೂ ಎದುರು ಮಾತಾಡುವುದಿಲ್ಲ. ಮೂವರೂ ನಕ್ಕರು. ಕಾರ್ಮೆನ್ ಆ ಸಣ್ಣ ಉಬ್ಬಿನ ಮೇಲೆ ಹದಿನೇಳರ ಹಿಡಿಕೆಯನ್ನು ಕೂರಿಸಿ, ಉಳಿದ ಮುಕ್ಕಾಲು ಭಾಗವನ್ನು ಖಾಲಿ ಜಾಗಕ್ಕೆ ಚಾಚಿ ಬಿಟ್ಟಳು. ಜಗತ್ತಿನ ಪ್ರೋಟೀನುಗಳೆಲ್ಲ ಸೇರುವ ದತ್ತಾಂಶ ಭಂಡಾರಕ್ಕೆ ಅದು ಹೋಯಿತು. ಭಂಡಾರದ ಜೊತೆಗಿನ ಪತ್ರವ್ಯವಹಾರ ಗ್ರೇಮ್‌ಗೆ ಬೇಜಾರಿನ ಕೆಲಸ. "ಆ ಕೂಲಿ ನೀನೇ ಮಾಡ್ಕೋ" ಅಂದ. ಹೊಣೆಗಾರ್ತಿ ಅಂತ ಅಲ್ಲಿ ಕಾರ್ಮೆನ್‌ಳ ಹೆಸರು ಬಿತ್ತು. ಲೇಖನ ಬಂತು, ಪತ್ರಿಕೆಯಲ್ಲಿ ಚಿತ್ರ ಬಂತು.

ಅಣ್ಣನಿಗೆ ಆ ಜ್ವರ ಬಂದದ್ದು ಅದೇ ವರ್ಷದ ಬೇಸಿಗೆಯಲ್ಲಿ. ಎಚೂಕಾದ ಹತ್ತಿರ ಮರ್ರೇ ನದಿಯಲ್ಲಿ ಮೀನು ಹಿಡಿಯಲು ಹೋದವನನ್ನು ಸೊಳ್ಳೆಗಳು ಮುತ್ತಿದವು. ಜ್ವರ ಇಳಿಯಿತು, ಬೆರಳುಗಳ ಬಾವು ಮಾತ್ರ ಹೋಗುತ್ತ ಬರುತ್ತ ಉಳಿದುಕೊಂಡಿತು. ಕರಣೆ ಹಿಡಿಯಲಾಗದ ದಿನಗಳಲ್ಲಿ ಅವನು ಮಾಲ್ಟಾದವರ ಕ್ಲಬ್ಬಿಗೆ ಹೋಗಿ ಕೂರುವನು. ಪತ್ರಿಕೆಯ ಆ ಚಿತ್ರವನ್ನು ಪ್ಲಾಸ್ಟಿಕ್ ಹೊದಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದ.

"ಈ ಹಳದಿದು ಇದ್ಯಲ್ಲ, ಇದು ನನ್ನ ತಂಗಿ ಮಾಡಿದ ಔಷಧಿ. ಬರುತ್ತೆ, ತಾಳ್ರೋ. ನನ್ ಕೈ ಒಂದು ಸರಿಯಾಗ್ಲಿ, ನಿಮ್ಮನ್ನೆಲ್ಲ ಬೋಚ್ಚೆ ಚೆಂಡಾಟದಲ್ಲಿ ಬಡಿದುಹಾಕ್ತೀನಿ."

"ಕೈ ನೆಟ್ಟಗಿದ್ದಾಗ್ಲೂ ನೀನು ಗೆದ್ದಿದ್ದು ಯಾವಾಗಪ್ಪಾ?" ಅನ್ನುವರು ಅವರು.

ನಾಲ್ಕು ವರ್ಷ ನೋಲೀನ್ ಆ ಪೊಟರೆಗೆ ಅಣುಗಳನ್ನು ಹೊಂದಿಸಿದಳು. ಹದಿನೇಳು ಚಾಚಿಕೊಂಡಿದ್ದ ಭಂಗಿಯನ್ನೇ ಮಾದರಿ ಮಾಡಿ, ಇಲ್ಲಿ ಒಂದು ಕೈ ಸೇರಿಸಿದರೆ ಇನ್ನೂ ಗಟ್ಟಿ ಹಿಡಿಯುತ್ತದೆ, ಅಲ್ಲಿ ಒಂದು ಉಂಗುರ ಕೂಡಿಸಿದರೆ ಇನ್ನೂ ಚೆನ್ನ ಅಂತ ಲೆಕ್ಕ ಹಾಕಿದಳು. ಕಂಪ್ಯೂಟರು ಶಹಭಾಸ್ ಅಂದ ಅಣುಗಳನ್ನು ರಸಾಯನದವರು ತಿಂಗಳುಗಟ್ಟಲೆ ಬೆವರಿಳಿಸಿ ತಯಾರಿಸಿದರು. ಒಂದೂ ಕೆಲಸ ಮಾಡಲಿಲ್ಲ. ಸುಮಾರಾಗಿಯೂ ಮಾಡಲಿಲ್ಲ. ಊಟದ ಕೋಣೆಯಲ್ಲಿ ರಸಾಯನದವರು ನೋಲೀನಳ ಮೇಜಿಗೆ ಬಂದು ಕೂರುವುದನ್ನು ಬಿಟ್ಟರು. ಗ್ರೇಮ್ ಮಾತ್ರ, "ಇನ್ನೂ ಮಾಡಿ, ಸಿಗುತ್ತೆ," ಅನ್ನುತ್ತಿದ್ದ. ಆ ಚಿತ್ರ ತೋರಿಸಿ ಒಂದು ಔಷಧಿ ಕಂಪನಿಯ ಜೊತೆ ಒಪ್ಪಂದದ ಮಾತೂ ನಡೆಸಿದ್ದ.

ಒಂದು ಮಧ್ಯಾಹ್ನ ಕಾರ್ಮೆನ್ ಬಂದು ನೋಲೀನಳ ಮೇಜಿನ ತುದಿಯಲ್ಲಿ ಕೂತಳು.

"ನಿನ್ನ ಲೆಕ್ಕದಲ್ಲಿ ಐಬಿಲ್ಲ ಕಣೇ. ನಾನು ಖಾಲಿ ಹರಳು ಹಾಕಿ ನೋಡ್ತೀನಿ."

ಖಾಲಿ ಹರಳು ಅಂದರೆ ಔಷಧಿಯಲ್ಲಿ ನೆನೆಸದ ಹರಳು. ಮೊದಲ ದಿನವೇ ಮಾಡಬೇಕಾದ ಕೆಲಸ. ಆದರೆ ಈ ಕಿಣ್ವದ ಹರಳು ಹುಟ್ಟುವುದೇ ಅಪರೂಪ, ಕ್ಲೇಟನ್ನಿನಲ್ಲಿ ಸಿಗುವ ಹೊತ್ತು ಅದಕ್ಕಿಂತ ಅಪರೂಪ. ಅಷ್ಟು ಕಷ್ಟದಿಂದ ಬಂದದ್ದನ್ನು ಏನೂ ಇಲ್ಲದ ಹರಳಿನ ಮೇಲೆ ಕಳೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಕಾರ್ಮೆನ್ ತನ್ನ ಪಾಲಿನ ಹೊತ್ತಿನಲ್ಲಿ ಬೇರೆ ಯಾವುದನ್ನೂ ಇಡದೆ ಖಾಲಿ ಹರಳನ್ನೇ ಇಟ್ಟಳು.

ಪೊಟರೆಯೊಳಗೆ ಅದೇ ಉಬ್ಬು ಇತ್ತು. ಅದೇ ಜಾಗ, ಅದೇ ಗಾತ್ರ. ಔಷಧಿ ಹಾಕದ ಹರಳಿನಲ್ಲಿ ಔಷಧಿಯ ಹಿಡಿಕೆ! ಎರಡೂ ಹರಳುಗಳಿಗೆ ತಾಗಿದ್ದು ಅಂದರೆ ಹೆಪ್ಪುಗಟ್ಟಿಸುವ ಮೊದಲು ಅದ್ದಿದ ಗ್ಲಿಸರಿನ್ ಒಂದೇ. ಕಾರ್ಮೆನ್ ಒಂದು ಗ್ಲಿಸರಿನ್ ಅಣುವನ್ನು ಎಳೆದು ಆ ಉಬ್ಬಿಗೆ ತಂದು ಬಿಟ್ಟಳು. ಕೈಗೆ ಹೊಲಿಸಿದ ಗ್ಲೌಸಿನ ಹಾಗೆ ಕೂತಿತು. ಚಕ್ರವನ್ನು ಮುಂದಕ್ಕೆ ಎಷ್ಟು ತಿರುಗಿಸಿದರೂ ಅಲ್ಲಾಡಲಿಲ್ಲ.

"ಕೆಮ್ಮಿನ ಔಷಧಿಗೆ ಹಾಕ್ತಾರಲ್ಲ, ಕೈಗೆ ಹಚ್ಚೋ ಕ್ರೀಮಿಗೆ ಹಾಕ್ತಾರಲ್ಲ, ಅದು," ಅಂದಳು. ಮುಖದಲ್ಲಿ ದುಃಖ ಇರಲಿಲ್ಲ. ಅನ್ನದಲ್ಲಿ ಹುಳು ಕಂಡವಳ ಮುಖ ಅದು. "ನಾಲ್ಕು ವರ್ಷ ನಿನ್ನ ಕೈಯಲ್ಲಿ ಕೈಕ್ರೀಮಿಗೆ ಬಾಲ ಕಟ್ಟಿಸಿದೀನಿ ನಾನು. ಥೂ."

ಗ್ರೇಮ್ ಕಾರ್ಮೆನ್‌ಳ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಮಾತಾಡಿದ. ಗೋಡೆ ತೆಳುವಾಗಿತ್ತು, ನೋಲೀನಳಿಗೆ ಎಲ್ಲ ಕೇಳಿಸಿತು.

"ಒಂದು ಹರಳು ಕಾರ್ಮೆನ್. ಒಂದು ಹರಳಿಂದ ಏನೂ ಸಾಬೀತಾಗಲ್ಲ."

"ಹದಿನೇಳನ್ನ ನಾವು ಸಾಬೀತು ಮಾಡಿದ್ದೂ ಒಂದೇ ಹರಳಲ್ಲಿ."

"ಅದು ಬೇರೆ."

"ಹೆಂಗೆ ಬೇರೆ? ಅವತ್ತು ನಿಂಗೆ ಖುಷಿಯಾಗಿತ್ತು, ಅದೊಂದೇ ಬೇರೆ."

"ನೋಡು, ಆ ಕಂಪನಿಯವರು ಸಹಿ ಹಾಕ್ಲಿ. ಆಮೇಲೆ ನಿಧಾನವಾಗಿ, ಒಂದು ತಿದ್ದುಪಡಿ ಅಂತ..."

"ಅವರು ಸಹಿ ಹಾಕೋದು ಆ ಚಿತ್ರ ನೋಡಿ ಗ್ರೇಮ್. ಆಮೇಲೆ ಅವರ ಹುಡುಗ್ರೂ ನಾಲ್ಕು ವರ್ಷ ಬಾಲ ಕಟ್ತಾರೆ."

"ನಿನ್ನ ಹೆಸರೂ ಹೋಗುತ್ತೆ, ಯೋಚನೆ ಮಾಡು. ಜೀವನದಲ್ಲಿ ನೀನು ಮಾಡಿದ ದೊಡ್ಡ ಕೆಲಸ ಇದೊಂದೇ."

 ಹೊರಗೆ ಬಂದ ಕಾರ್ಮೆನ್ ನೇರವಾಗಿ ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡಳು.

ಮತ್ತೆ ಹರಳು ಬೆಳೆಸಿದಳು, ಮತ್ತೆ ಖಾಲಿಯಾಗಿಯೇ ಇಟ್ಟಳು. ಮತ್ತೆ ಅದೇ ಉಬ್ಬು. ಅಷ್ಟರಲ್ಲಿ ಕಂಪನಿಯವರು ಸಹಿ ಹಾಕಿದರು. ಸಂಸ್ಥೆಯವರು ಊಟದ ಕೋಣೆಯಲ್ಲಿ ಸಂಭ್ರಮ ಇಟ್ಟುಕೊಂಡರು. ಬ್ರನ್ಸ್‌ವಿಕ್ಕಿನ ಬೇಕರಿಯಿಂದ ಒಂದು ಕೇಕು ಬಂತು: ನೀಲಿ ಐಸಿಂಗಿನ ಗಂಟುಗಂಟು ಪ್ರೋಟೀನು, ನಡುವೆ ಪೊಟರೆ, ಪೊಟರೆಯೊಳಗೆ ಹಳದಿ ಐಸಿಂಗಿನ ಹದಿನೇಳು. ಜನ ಫೋಟೋ ತೆಗೆದರು. ಗ್ರೇಮ್ ಚಾಕುವನ್ನು ಕಾರ್ಮೆನ್‌ಳ ಕೈಗೇ ಕೊಟ್ಟ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಅವಳು ಚಾಕು ಕೆಳಗಿಟ್ಟು, ಆ ಹಳದಿಯದನ್ನು ಎರಡು ಬೆರಳಲ್ಲಿ ಕಿತ್ತು ಬಾಯಿಗೆ ಹಾಕಿಕೊಂಡಳು.

"ಗ್ಲಿಸರಿನ್," ಅಂದಳು.

ಕಂಪನಿಯಿಂದ ಬಂದಿದ್ದ ಹೆಂಗಸು ನಗುತ್ತ, "ಏನಂದ್ರಿ?" ಅಂತ ಕೇಳಿದಳು.

"ಐಸಿಂಗು ಒಣಗಿ ಬಿರುಕು ಬಿಡ್ಬಾರ್ದು ಅಂತ ಗ್ಲಿಸರಿನ್ ಹಾಕ್ತಾರೆ. ನಮ್ಮಮ್ಮನೂ ಹಾಕ್ತಿದ್ಲು. ಆ ಪೊಟರೆಯಲ್ಲಿ ನಿಜವಾಗ್ಲೂ ಇರೋದು ಅದೇ. ಹದಿನೇಳು ಅಲ್ಲ. ಬೇಕರಿಯವನು ನಮಗಿಂತ ವಾಸಿ, ಸರಿಯಾದ್ದನ್ನೇ ಇಟ್ಟಿದಾನೆ."

ಎಲ್ಲರೂ ಹೋ ಎಂದು ನಕ್ಕರು. ಆ ಹೆಂಗಸೂ ನಕ್ಕಳು. "ಕಾರ್ಮೆನ್‌ದು ಇದೇ ತಮಾಷೆ," ಅಂದ ಗ್ರೇಮ್, ಅವಳ ಭುಜದ ಮೇಲೆ ಕೈ ಹಾಕಿ. ನಕ್ಕವರಲ್ಲಿ ಅರ್ಧ ಜನಕ್ಕೆ ಅದು ತಮಾಷೆ ಅಲ್ಲ ಅಂತ ಗೊತ್ತಿತ್ತು. ಗೊತ್ತಿದ್ದವರೇ ಹೆಚ್ಚು ಜೋರಾಗಿ ನಕ್ಕರು. ಆಮೇಲೆ ತಟ್ಟೆ ಒಡ್ಡಿ ಕೇಕು ಹಾಕಿಸಿಕೊಂಡರು. ತುಟಿ, ಹಲ್ಲು, ನಾಲಿಗೆ ಎಲ್ಲ ನೀಲಿ ಮಾಡಿಕೊಂಡು, ಆ ನೀಲಿ ಬಾಯಲ್ಲೇ ವಿಜ್ಞಾನದ ಮುಂದಿನ ಹೆಜ್ಜೆಯ ಬಗ್ಗೆ ಮಾತಾಡಿದರು. ನೋಲೀನಳಿಗೆ ಇವತ್ತಿಗೂ ನೀಲಿ ಬಣ್ಣದ ತಿಂಡಿ ಕಂಡರೆ ಆಗುವುದಿಲ್ಲ.

ಕಾರ್ಮೆನ್ ಬಚ್ಚಲಿಗೆ ಹೋಗಿ ವಾಂತಿ ಮಾಡಿದಳು. ನೋಲೀನ್ ಹಿಂದೆ ನಿಂತು ಅವಳ ಕೂದಲು ಹಿಡಿದುಕೊಂಡಳು.

"ಅವನ ಕೈ ಬಿತ್ತಲ್ಲೇ ಭುಜದ ಮೇಲೆ, ಹೊಟ್ಟೆ ತೊಳೆಸಿಬಿಡ್ತು," ಅಂದಳು ಕಾರ್ಮೆನ್, ಬಾಯಿ ಮುಕ್ಕಳಿಸುತ್ತ.

ಆ ಚಳಿಗಾಲವೆಲ್ಲ ಅವಳಿಗೆ ಊಟ ಸೇರಲಿಲ್ಲ. ಕೆಲಸದ ದಿನ ಬೆಳಿಗ್ಗೆ ವಾಕರಿಕೆ. ಬಟ್ಟೆ ಸಡಿಲವಾಯಿತು. ನಿನಗೆ ಅವನನ್ನು ಕಂಡರೆ ಅಸಹ್ಯ, ಅದಕ್ಕೇ ಹೀಗೆ, ಅಂತ ನೋಲೀನ್ ಅಂದಳು. ಇರಬೇಕು, ಅಂದಳು ಕಾರ್ಮೆನ್. ಇಬ್ಬರಿಗೂ ಆ ಕಾರಣ ಎಷ್ಟು ಸರಿಯಾಗಿ ಹೊಂದಿತೆಂದರೆ ಬೇರೆ ಕಾರಣ ಹುಡುಕಲೇ ಇಲ್ಲ. ಕಣ್ಣು ಹಳದಿಯಾದ ಮೇಲೆ ವೈದ್ಯರ ಹತ್ತಿರ ಹೋದರು. ಅಷ್ಟು ಹೊತ್ತಿಗೆ ರೋಗ ಪಿತ್ತಜನಕಾಂಗಕ್ಕೂ ಹಬ್ಬಿ, ಕತ್ತರಿಸುವ ಹಂತ ದಾಟಿತ್ತು.

ಮರುವರ್ಷ ಆರೈಕೆಮನೆಗೆ ಹೋಗುವಾಗ ಕಾರ್ಮೆನ್ ತೆಗೆದುಕೊಂಡು ಹೋದದ್ದು ಅಮ್ಮನ ಜಪಮಾಲೆ ಮತ್ತು ಲ್ಯಾಪ್‌ಟಾಪು. ಭಂಡಾರದಿಂದ ಹಳೆಯದನ್ನು ತೆಗೆಸಿ, ಗ್ಲಿಸರಿನ್ ಇರುವ ನಿಜವಾದದ್ದನ್ನು ಅದರ ಜಾಗದಲ್ಲಿ ಇಡಿಸಬೇಕು. ಗ್ರೇಮ್ ಬೇಡವೆಂದಿದ್ದ ಆ ಕೂಲಿ ಈಗ ಅವಳ ಕೈಯಲ್ಲಿತ್ತು. ಹೊಣೆಗಾರ್ತಿಯ ಮಾತಿದ್ದರೆ ಭಂಡಾರದವರಿಗೆ ಸಾಕು. ಆದರೆ ಅವಳು ದಿನ ದೂಡಿದಳು. ಅಣ್ಣನಿಗೆ ಮೊದಲು ಹೇಳಬೇಕಿತ್ತು. ಅವನು ಬಂದಾಗಲೆಲ್ಲ ಪರ್ಸು ತೆಗೆದು ನರ್ಸುಗಳಿಗೆ ಆ ಚಿತ್ರ ತೋರಿಸುತ್ತಿದ್ದ.

"ನಾನು ಹೇಳ್ಲಾ ಅವನಿಗೆ?" ಅಂತ ಕೇಳಿದಳು ನೋಲೀನ್.

"ಬೇಡ. ನಾನು ಕಟ್ಟಿದ್ದು."

ಅವಳು ತೀರಿಕೊಳ್ಳುವ ಹಿಂದಿನ ದಿನ, ಬುಧವಾರ ಮಧ್ಯಾಹ್ನ, ಚೆನ್ಸು ಕಾಗದದ ಪೊಟ್ಟಣದಲ್ಲಿ ಬಿಸಿ ಪಸ್ತೀತ್ಸಿ ತಂದ. ರಿಕೋಟಾ ತುಂಬಿದ ಆ ಹಿಟ್ಟಿನ ಗರಿಗರಿ ಪದರಗಳು ಅವಳಿಗೆ ಚಿಕ್ಕಂದಿನಿಂದ ಪ್ರಾಣ. ಈಗ ವಾಸನೆಗೇ ಮುಖ ತಿರುಗಿಸಿದಳು.

"ಚೆನ್ಸು, ಪರ್ಸು ಕೊಡು."

ಕೊಟ್ಟ. ಅವಳು ಚಿತ್ರವನ್ನು ಹೊರಗೆಳೆದಳು.

"ಈ ಹಳದಿದು ಅಲ್ಲಿಲ್ಲ. ಯಾವತ್ತೂ ಇರ್ಲಿಲ್ಲ. ಔಷಧಿ ಇಲ್ಲ ಚೆನ್ಸು."

"ಇಲ್ಲ ಅಂದ್ರೆ? ತಡ ಆಗುತ್ತೆ ಅಂತಾನಾ?"

"ಇಲ್ಲ ಅಂದ್ರೆ ಇಲ್ಲ. ಅಮ್ಮ ಕೇಕಿಗೆ ಹಾಕ್ತಿದ್ದ ಗ್ಲಿಸರಿನ್ ಇದೆ ಅಲ್ಲಿ. ನಾನು ನೋಡಿದ್ದು ತಪ್ಪು. ತಪ್ಪು ಅಂತ ಗೊತ್ತಾದ್ಮೇಲೂ ನಿಂಗೆ ಹೇಳ್ಲಿಲ್ಲ."

ಚೆನ್ಸು ಕುರ್ಚಿಯಲ್ಲಿ ಕೂತು ತನ್ನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ. ಆಮೇಲೆ ಎದ್ದು ಹೊರಗೆ ಹೋದ. ಕಾರಿಡಾರಿನಲ್ಲಿ ಅವನ ಬೂಟಿನ ಸದ್ದು ಅತ್ತ ಹೋಯಿತು, ನಿಂತಿತು, ಮತ್ತೆ ಇತ್ತ ಬಂತು.

"ಕ್ಲಬ್ಬಿನವರ ಮುಂದೆ ನನ್ನ ಮಾನ ಕಳೆದ್ಯಲ್ಲೇ ಕಾರ್ಮ್," ಅಂದ ಬಾಗಿಲಲ್ಲೇ ನಿಂತು. ಕಣ್ಣು ಒದ್ದೆಯಾಗಿತ್ತು. "ಆ ನಿನ್ನ ಸಾಹೇಬನಿಗೆ ಗೊತ್ತಾ ಇದು?"

"ಗೊತ್ತು. ಕೇಕು ತಿಂದ."

"ಹಾಗಾದ್ರೆ ತೆಗೆದುಹಾಕು. ಯಾಕಿನ್ನೂ ಇಟ್ಕೊಂಡಿದೀಯ? ಅಲ್ಲಿ ಇನ್ನೂ ಯಾರೋ ನನ್ನಂಥವನು ಪರ್ಸಲ್ಲಿ ಇಟ್ಕೊಂಡು ಓಡಾಡ್ತಿರ್ತಾನೆ."

ನೋಲೀನ್ ಲ್ಯಾಪ್‌ಟಾಪನ್ನು ಅವಳ ಮಡಿಲಿಗೆ ಇಟ್ಟಳು. ಎಲ್ಲ ತುಂಬಿ ತಯಾರಾಗಿತ್ತು, ಹಿಂತೆಗೆಯಲು ಕಾರಣ ಅನ್ನುವ ಜಾಗವೊಂದು ಖಾಲಿ ಇತ್ತು. ನೋಲೀನ್ ಅಲ್ಲಿ "ನಕ್ಷೆಯ ಮರುವ್ಯಾಖ್ಯಾನ" ಅಂತ ಬರೆದಳು. ಈ ಕಸುಬಿನ ಮರ್ಯಾದೆಯ ಮಾತು ಅದು, ಯಾರಿಗೂ ನೋವಾಗುವುದಿಲ್ಲ. ಕಾರ್ಮೆನ್ ಓದಿದಳು. ಅವಳ ಮೂಗಿನ ಹೊಳ್ಳೆ, ಕೊಳೆತ ಮೊಟ್ಟೆಯ ದ್ರಾವಣದ ಮುಚ್ಚಳ ತೆಗೆದಾಗಿನ ಹಾಗೆ, ಸುರುಟಿಕೊಂಡಿತು.

"ಇದನ್ನ ಅಳಿಸು. ವಾಸನೆ."

ನೋಲೀನ್ ಅಳಿಸಿದಳು. ಕಾರ್ಮೆನ್ ಒಂದೇ ಬೆರಳಲ್ಲಿ, ನಡುನಡುವೆ ಕಣ್ಣು ಮುಚ್ಚಿ ಸುಧಾರಿಸಿಕೊಳ್ಳುತ್ತ, ತಾನೇ ಬರೆದಳು: ಅಲ್ಲಿ ಔಷಧಿ ಇರಲಿಲ್ಲ. ಇರಲಿ ಎಂದು ಬಯಸಿದೆವು, ಅದಕ್ಕೇ ಕಂಡಿತು.

ಗುಂಡಿ ಒತ್ತಿದಳು. ಕಳುಹಿಸಲಾಗಿದೆ ಅಂತ ಪರದೆಯ ಮೇಲೆ ಬರುವವರೆಗೆ ನೋಡಿದಳು. ಆಮೇಲೆ ಕೈಯ ಹಿಂಬದಿಯಿಂದ, ಹಳಸಿದ ಊಟದ ತಟ್ಟೆಯನ್ನು ಸರಿಸುವ ಹಾಗೆ, ಲ್ಯಾಪ್‌ಟಾಪನ್ನು ಮಡಿಲಿನಿಂದ ಆಚೆಗೆ ತಳ್ಳಿದಳು.